ಯಾರದು? ಯಾರ ಕೈಯಲ್ಲಿದೆ?

ಪುಸ್ತಕಕ್ಕೆ ವಿಮರ್ಶೆ ಬರೆಯುತ್ತಾರೆ, ನಾಟಕಕ್ಕೆ ಬರೆಯುತ್ತಾರೆ, ಸಿನಿಮಾಕ್ಕಂತೂ ಬರೆಯದವರೇ ಇಲ್ಲ. ಒಂದು ಆಟದ ನಿಯಮಗಳಿಗೆ ವಿಮರ್ಶೆ ಬರೆದವರನ್ನು ನಾನು ಹೆಚ್ಚು ಕಂಡಿಲ್ಲ. ಆಟವೆಂದರೆ ಮಕ್ಕಳದು, ಹೆಚ್ಚೆಂದರೆ ರಜೆಯ ಮಧ್ಯಾಹ್ನದ್ದು ಎಂದು ನಾವು ಪಕ್ಕಕ್ಕೆ ಸರಿಸಿಬಿಡುತ್ತೇವೆ. ಆದರೆ ನಿಯಮವೂ ಒಂದು ಬರಹವೇ ಅಲ್ಲವೇ? ಯಾರೋ ಕೂತು, ಯೋಚಿಸಿ, ಒಂದು ಶಬ್ದ ಹೊಡೆದುಹಾಕಿ ಇನ್ನೊಂದು ಶಬ್ದ ಸೇರಿಸಿ ಬರೆದದ್ದು. ಅದರೊಳಗೆ ನ್ಯಾಯ ಯಾವುದು, ಅನ್ಯಾಯ ಯಾವುದು ಎಂಬ ಒಂದು ಕಲ್ಪನೆ ಅಡಗಿರುತ್ತದೆ. ಚೌಕಾಬಾರದಲ್ಲಿ ಕಾಯಿ ಕಡಿದವರಿಗೇ ಮತ್ತೊಮ್ಮೆ ಕವಡೆ ಹಾಕುವ ಅವಕಾಶ ಏಕೆ ಎಂದು ಯೋಚಿಸಿ ನೋಡಿ, ನಾನು ಹೇಳುವುದು ನಿಮಗೆ ಹೊಳೆಯುತ್ತದೆ.

ಈಗ ನಾನು ಹೇಳಹೊರಟಿರುವುದು ನಮ್ಮ ಊರಿನ ಆಟವಲ್ಲ. ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಅಮೆರಿಕದ ಕಾರ್ಡಿನ ಆಟ. ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ ಇದನ್ನು ರಚಿಸಿದ. ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ೧೯೯೩ರಲ್ಲಿ ಹೊರತಂದಿತು. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗಳು ಭಾನುವಾರಗಳಂದು ಗೆಳತಿಯರೊಡನೆ ಇದನ್ನು ಆಡುತ್ತಾಳೆ. ಹಬ್ಬಕ್ಕೆ ಬಂದಾಗ ತನ್ನ ಕಾರ್ಡುಗಳ ಡಬ್ಬಿಯನ್ನೂ ತರುತ್ತಾಳೆ. ಅವಳ ಜೊತೆ ಆಡುತ್ತಾ ಆಡುತ್ತಾ ನನಗೆ ಗೆಲ್ಲುವುದಕ್ಕಿಂತ ಅದರ ನಿಯಮಗಳನ್ನು ಓದುವುದರಲ್ಲಿ ರುಚಿ ಹುಟ್ಟಿತು. ನಿಯಮಗಳ ಪೂರ್ಣ ಪಾಠ ಇನ್ನೂರೈವತ್ತು ಪುಟಗಳನ್ನು ಮೀರುತ್ತದೆ. ಅಷ್ಟನ್ನೂ ಓದಿ ಎಂದು ನಿಮ್ಮನ್ನು ಹೆದರಿಸುವುದಿಲ್ಲ. ಅದರಲ್ಲಿ ಒಂದೇ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬರ ವಸ್ತು ಇನ್ನೊಬ್ಬರ ಕೈ ಸೇರಿದಾಗ ಏನಾಗುತ್ತದೆ ಎನ್ನುವುದು ಆ ವಿಷಯ.

ನಮ್ಮ ಇಸ್ಪೀಟಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಕಟ್ಟು ಒಂದೇ, ಎಲ್ಲರಿಗೂ ಸೇರಿದ್ದು. ರಮ್ಮಿಯಲ್ಲಿ ಕೈಗೆ ಬಂದ ಎಲೆ ಕೆಳಗೆ ಹಾಕುವವರೆಗೆ ನಮ್ಮದು, ಹಾಕಿದ ಮೇಲೆ ಎತ್ತಿಕೊಂಡವರದು. ಮ್ಯಾಜಿಕ್ ಆಟದಲ್ಲಿ ಹಾಗಲ್ಲ. ಪ್ರತಿಯೊಬ್ಬರೂ ತಾವು ದುಡ್ಡು ಕೊಟ್ಟು ಕೊಂಡ ಕಾರ್ಡುಗಳಿಂದ ತಮ್ಮದೇ ಕಟ್ಟು ಜೋಡಿಸಿಕೊಂಡು ಬರುತ್ತಾರೆ. ಕೆಲವು ಕಾರ್ಡುಗಳಿಗೆ ಒಂದು ರೇಷ್ಮೆ ಸೀರೆಯ ಬೆಲೆ. ಹೀಗಿರುವಾಗ ಎದುರಾಳಿಯ ಕಾರ್ಡನ್ನು ನಾನು ವಶಪಡಿಸಿಕೊಳ್ಳಬಹುದು ಎಂದು ಆಟವೇ ಹೇಳಿದರೆ ಜಗಳವಾಗದೆ ಇರುತ್ತದೆಯೇ?

ಆಗದಂತೆ ಮಾಡಿರುವುದೇ ಈ ನಿಯಮದ ಜಾಣತನ. ಅದು ಪ್ರತಿ ಕಾರ್ಡಿಗೂ ಎರಡು ಲೆಕ್ಕ ಇಡುತ್ತದೆ. ಒಂದು, ಓನರ್: ಕಾರ್ಡು ಯಾರದು ಎಂಬ ಲೆಕ್ಕ. ಇನ್ನೊಂದು, ಕಂಟ್ರೋಲರ್: ಈ ಗಳಿಗೆಯಲ್ಲಿ ಯಾರ ಮಾತು ಕೇಳುತ್ತದೆ ಎಂಬ ಲೆಕ್ಕ. ನಾನು ಇವನ್ನು ಒಡೆತನ ಮತ್ತು ಹಿಡಿತ ಎಂದು ಕರೆಯುತ್ತೇನೆ. ಹಿಡಿತ ಆಟದುದ್ದಕ್ಕೂ ಕೈಯಿಂದ ಕೈಗೆ ಹಾರುತ್ತದೆ. ಒಡೆತನ ಮಾತ್ರ ಅಲುಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಿರಿಜ, ನಳಿನಿ, ಶಾಂತ ಮೂವರೂ ಆಡುತ್ತಿದ್ದಾರೆ. ಗಿರಿಜಳದು ಒಂದು ಆನೆ. ನಳಿನಿ ಆ ಆನೆಯ ಮೇಲೆ ‘ಕಂಟ್ರೋಲ್ ಮ್ಯಾಜಿಕ್’ ಎಂಬ ಕಾರ್ಡನ್ನು ಅಂಟಿಸುತ್ತಾಳೆ. ಇದು ೧೯೯೩ರ ಮೊದಲ ಮುದ್ರಣದಲ್ಲೇ ಇದ್ದ ಹಳೆಯ ಕಾರ್ಡು. ಅದು ಅಂಟಿರುವಷ್ಟು ಕಾಲ ಆನೆ ನಳಿನಿಯದಾಗಿ ನಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಶಾಂತ ಕೂಡ ಅಂಥದೇ ಇನ್ನೊಂದು ಕಾರ್ಡನ್ನು ಅದೇ ಆನೆಯ ಮೇಲೆ ಅಂಟಿಸುತ್ತಾಳೆ. ಈಗ ಆನೆಯ ಬೆನ್ನ ಮೇಲೆ ಎರಡು ಚೀಟಿ. ಒಂದು ನಳಿನಿಯ ಮಾತು ಕೇಳು ಎನ್ನುತ್ತದೆ, ಇನ್ನೊಂದು ಶಾಂತಳ ಮಾತು ಕೇಳು ಎನ್ನುತ್ತದೆ. ಯಾರ ಮಾತು ನಡೆಯಬೇಕು?

ಕಡೆಗೆ ಬಂದವರದು, ಎನ್ನುತ್ತದೆ ನಿಯಮ. ಪ್ರತಿ ಪರಿಣಾಮಕ್ಕೂ ಅದು ಹುಟ್ಟಿದ ಗಳಿಗೆಯ ಮೊಹರು ಇರುತ್ತದೆ. ಹಳೆಯದರಿಂದ ಹೊಸದರವರೆಗೆ ಒಂದೊಂದಾಗಿ ಓದುತ್ತಾ ಬಂದರೆ ಕೊನೆಗೆ ಉಳಿಯುವುದು ಹೊಸದು. ಆದ್ದರಿಂದ ಆನೆ ಶಾಂತಳದು. ಇಲ್ಲಿಯವರೆಗೆ ಯಾರಾದರೂ ಊಹಿಸಬಹುದು. ಸ್ವಾರಸ್ಯ ಇರುವುದು ಮುಂದೆ. ಶಾಂತಳ ಚೀಟಿಯನ್ನು ಯಾರೋ ಕಿತ್ತುಹಾಕಿದರು ಅನ್ನಿ. ಆನೆ ಗಿರಿಜಳ ಮನೆಗೆ ಮರಳುತ್ತದೆ ಎಂದು ಹೊಸದಾಗಿ ಆಡುವವರು ಕೈ ಚಾಚುತ್ತಾರೆ. ಮರಳುವುದಿಲ್ಲ. ಅದು ನಳಿನಿಯ ಬಳಿಗೆ ಹೋಗುತ್ತದೆ. ನಳಿನಿಯ ಚೀಟಿ ಸೋತಿತ್ತೇ ಹೊರತು ಸತ್ತಿರಲಿಲ್ಲ. ಸುಮ್ಮನೆ ಕಾಯುತ್ತಿತ್ತು. ಎರಡೂ ಚೀಟಿ ಕಿತ್ತಾಗ ಮಾತ್ರ ಆನೆ ಮನೆ ಸೇರುತ್ತದೆ.

ಮತ್ತೊಂದು ಬಗೆಯ ಹಿಡಿತವಿದೆ, ಎರವಲು ತಂದಂಥದು. ೨೦೦೯ರಲ್ಲಿ ಬಂದ ‘ಆಕ್ಟ್ ಆಫ್ ಟ್ರೀಸನ್’ ಎಂಬ ಕಾರ್ಡು ಈ ಜಾತಿಯದು. ಅದರಿಂದ ಒಂದು ಜೀವಿಯನ್ನು ಈ ಸರದಿ ಮುಗಿಯುವವರೆಗೆ ಮಾತ್ರ ಹಿಡಿದುಕೊಳ್ಳಬಹುದು. ಗಿರಿಜ ತನ್ನದೇ ಆನೆಯನ್ನು ತನ್ನ ಸರದಿಯಲ್ಲಿ ಹೀಗೆ ಎರವಲು ತಂದಳು ಅನ್ನಿ. ಅವಳದು ಕಡೆಯ ಮಾತು, ಆದ್ದರಿಂದ ಅವಳದೇ ನಡೆಯುತ್ತದೆ. ಆದರೆ ಸರದಿ ಮುಗಿದೊಡನೆ ಆ ಮಾತಿನ ಅವಧಿ ಮುಗಿಯಿತು. ಕೆಳಗೆ ಕಾಯುತ್ತಿದ್ದ ಚೀಟಿ ಮತ್ತೆ ಎದ್ದು ಕೂರುತ್ತದೆ. ತನ್ನ ವಸ್ತುವನ್ನು ತಾನೇ ಎರವಲು ತಂದು, ಸಂಜೆಗೆ ಹಿಂದಿರುಗಿಸಬೇಕು! ಇದನ್ನು ಓದಿ ನಾನು ನಕ್ಕೆ. ಆಮೇಲೆ ಮದುವೆ ಮನೆಗೆ ಹೋಗುವಾಗ ತಮ್ಮದೇ ಸರ ಕೇಳಿ ಹಾಕಿಕೊಂಡು, ಬಂದ ರಾತ್ರಿಯೇ ಬೀರುವಿಗೆ ಒಪ್ಪಿಸುವ ಎಷ್ಟು ಸೊಸೆಯಂದಿರನ್ನು ನಾನು ಕಂಡಿಲ್ಲ ಅನ್ನಿಸಿತು.

ಹಾಗಾದರೆ ಒಡೆತನಕ್ಕೆ ಬೆಲೆಯೇ ಇಲ್ಲವೇ? ಇದೆ. ಆದರೆ ಆನೆ ಮೇಜಿನ ಮೇಲೆ ಇರುವಷ್ಟು ಹೊತ್ತು ಅದು ಕಾಣುವುದಿಲ್ಲ. ಆನೆ ಸತ್ತರೆ ಅದು ಹೋಗುವುದು ಗಿರಿಜಳ ಮಸಣಕ್ಕೆ, ಹಿಡಿದಿದ್ದವರ ಮಸಣಕ್ಕಲ್ಲ. ಕೈಗೆ ಮರಳಿದರೆ ಗಿರಿಜಳ ಕೈಗೆ. ಅದಕ್ಕೇ ನುರಿತ ಆಟಗಾರರು ಅಂಟಿಸಿದ ಚೀಟಿಗಳೊಡನೆ ಗುದ್ದಾಡುವುದಿಲ್ಲ. ‘ಅನ್‌ಸಮನ್’ ಎಂಬ ಪುಟ್ಟ, ಅಗ್ಗದ ಕಾರ್ಡೊಂದಿದೆ, ಇದೂ ೧೯೯೩ರದೇ. ಒಂದು ಜೀವಿಯನ್ನು ಅದರ ಒಡೆಯರ ಕೈಗೆ ಮರಳಿಸು ಎನ್ನುವುದಷ್ಟೇ ಅದರ ಕೆಲಸ. ಅದನ್ನು ಆಡಿದರೆ ಆನೆ ನೇರ ಗಿರಿಜಳ ಕೈಗೆ. ಅಂಟಿದ್ದ ಚೀಟಿಗಳು ಹಿಡಿಯಲು ಏನೂ ಇಲ್ಲದೆ ಉದುರಿ ತಂತಮ್ಮ ಒಡತಿಯರ ಮಸಣ ಸೇರುತ್ತವೆ. ಆನೆಯನ್ನು ಮತ್ತೆ ಮೇಜಿಗಿಳಿಸಿದರೆ ಅದು ಹೊಸ ಆನೆ. ಹಳೆಯ ಹಿಡಿತಗಳ ನೆನಪು ಅದಕ್ಕಿಲ್ಲ.

೨೦೧೧ರಲ್ಲಿ ಬಂದ ‘ಹೋಮ್‌ವರ್ಡ್ ಪಾತ್’, ಅಂದರೆ ಮನೆಯ ಕಡೆಗಿನ ದಾರಿ, ಇನ್ನೂ ಚೆಂದದ್ದು. ಅದನ್ನು ಬಳಸಿದ ಕೂಡಲೆ ಎಲ್ಲ ಜೀವಿಗಳ ಹಿಡಿತವೂ ಅವುಗಳ ಒಡೆಯರಿಗೆ ಸೇರುತ್ತದೆ. ಗಮನಿಸಿ, ಅದು ಚೀಟಿಗಳನ್ನು ಹರಿಯುವುದಿಲ್ಲ. ನಳಿನಿಯ ಚೀಟಿ ಆನೆಯ ಬೆನ್ನ ಮೇಲೆಯೇ ಇರುತ್ತದೆ. ಆದರೆ ಅದಕ್ಕಿಂತ ಹೊಸ ಮಾತು ಬಂದಿದೆ, ಆ ಮಾತಿಗೆ ಅವಧಿಯಿಲ್ಲ. ಒಡೆತನ ತಾನಾಗಿ ಎಂದೂ ಗೆಲ್ಲುವುದಿಲ್ಲ, ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಇಲ್ಲಿ ನನಗೆ ಸ್ತ್ರೀಧನದ ಮಾತು ನೆನಪಾಗದೆ ಇರುವುದಿಲ್ಲ. ೧೯೮೫ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಮದುವೆಯಲ್ಲಿ ಹೆಣ್ಣಿಗೆ ಬಂದ ಒಡವೆ ವಸ್ತು ಗಂಡನ ಅಥವಾ ಅತ್ತೆಮನೆಯವರ ವಶದಲ್ಲಿದ್ದರೂ ಅದು ಆಕೆಯದೇ, ಇಟ್ಟುಕೊಂಡವರು ಬರೀ ಕಾಯುವವರು ಎಂದಿತು. ಒಡೆತನ ಬೇರೆ, ಹಿಡಿತ ಬೇರೆ ಎಂಬ ಅದೇ ಮಾತು. ಆದರೆ ಈ ತೀರ್ಪನ್ನು ಬಲ್ಲ ಹೆಂಗಸರಲ್ಲೂ ಬೀರುವಿನ ಕೀಲಿ ತಮ್ಮ ಸೊಂಟದಲ್ಲಿದೆ ಎನ್ನಬಲ್ಲವರು ಎಷ್ಟು ಮಂದಿ? ಆಟದಲ್ಲಿ ಗಿರಿಜ ಕೋರ್ಟಿಗೆ ಹೋಗಬೇಕಾಗಿಲ್ಲ. ಆಟ ಮುಗಿದೊಡನೆ ಎಲ್ಲರೂ ತಂತಮ್ಮ ಕಾರ್ಡು ಎತ್ತಿಕೊಳ್ಳುತ್ತಾರೆ. ಬೆರೆತುಹೋಗಬಾರದೆಂದು ನನ್ನ ಮಗಳು ತನ್ನವಕ್ಕೆಲ್ಲ ಹಸಿರು ಪ್ಲಾಸ್ಟಿಕ್ ಕವರು ಹಾಕಿದ್ದಾಳೆ.

ಮೊದಲಲ್ಲಿ ಹೀಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. ೧೯೯೩ರ ನಿಯಮಗಳಲ್ಲಿ ಪಣದ ಪದ್ಧತಿ ಇತ್ತು. ಆಟದ ಆರಂಭದಲ್ಲಿ ಇಬ್ಬರೂ ಒಂದೊಂದು ಕಾರ್ಡು ಪಣಕ್ಕಿಡುವುದು, ಗೆದ್ದವರು ಅದನ್ನು ಮನೆಗೆ ಒಯ್ಯುವುದು. ಒಡೆತನವನ್ನೇ ಬದಲಿಸುವ ಕೆಲವು ಕಾರ್ಡುಗಳೂ ಇದ್ದವು. ಅಂಥ ಕೊನೆಯ ಕಾರ್ಡು ಅಚ್ಚಾದದ್ದು ೧೯೯೫ರಲ್ಲಿ. ಸ್ಪರ್ಧೆಗಳಲ್ಲಿ ಅವುಗಳಿಗೆ ನಿಷೇಧ ಬಿತ್ತು. ಪಣ ಕೈಬಿಟ್ಟದ್ದರಿಂದ ಆಟದ ಬಿಸಿ ಕಡಿಮೆಯಾಯಿತು ಎನ್ನುವವರಿರಬಹುದು. ಪಗಡೆಯಲ್ಲಿ ಹೆಂಡತಿಯನ್ನೇ ಪಣಕ್ಕಿಟ್ಟ ಕಥೆ ಕೇಳಿ ಬೆಳೆದ ನನಗೆ ಆ ಬಿಸಿ ಬೇಡ. ಒಡೆತನ ಸುಭದ್ರವಾಗಿ ಉಳಿದದ್ದರಿಂದಲೇ ಹಿಡಿತದ ಆಟ ಇಷ್ಟು ಧಾರಾಳವಾಗಿ ಬೆಳೆಯಿತು ಎಂದು ನನ್ನ ಅಭಿಪ್ರಾಯ. ಕೊನೆಗೆ ನನ್ನದು ನನಗೆ ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಅಪರಿಚಿತರ ಎದುರೂ ನಗುತ್ತಾ ಕಳೆದುಕೊಳ್ಳಬಹುದು.

ಇನ್ನು ಹಿಡಿತದ ಸೂಕ್ಷ್ಮಗಳು. ಒಂದು ಕಾರ್ಡಿನ ಮೇಲೆ ಹಲವು ಪರಿಣಾಮಗಳು ಬಿದ್ದಾಗ ಅವನ್ನು ಏಳು ಪದರಗಳಲ್ಲಿ ಓದಬೇಕು. ಮೊದಲನೆಯದು ನಕಲಿನದು, ಎರಡನೆಯದೇ ಹಿಡಿತದ್ದು. ಬಣ್ಣ ಐದನೆಯದು, ಬಲಾಬಲ ಕಟ್ಟಕಡೆಯದು. ಈ ಕ್ರಮಕ್ಕೆ ಅರ್ಥವಿದೆ. ನನ್ನ ಜೀವಿಗಳಿಗೆಲ್ಲ ಒಂದೊಂದು ಅಂಕ ಹೆಚ್ಚು ಬಲ ಎನ್ನುವ ಕಾರ್ಡು ನಳಿನಿಯ ಬಳಿ ಇದ್ದರೆ, ಆನೆ ಅವಳ ಕೈಗೆ ಬಂದಾಗ ಆ ಬಲ ಆನೆಗೂ ಸಿಗುತ್ತದೆ, ಗಿರಿಜಳ ಮನೆಯ ಬಲ ತಪ್ಪುತ್ತದೆ. ಯಾವ ಮನೆಯಲ್ಲಿದೆ ಎಂದು ಮೊದಲು ತೀರ್ಮಾನವಾಗಬೇಕು, ಆ ಮನೆಯ ಊಟ ಆಮೇಲೆ.

ಕಡೆಯ ಮಾತು ಗೆಲ್ಲುತ್ತದೆ ಎಂಬ ಸೂತ್ರಕ್ಕೆ ಒಂದು ಅಪವಾದವೂ ಇದೆ. ೧೯೯೭ರ ‘ಸ್ಟೀಲ್ ಎನ್‌ಚಾಂಟ್‌ಮೆಂಟ್’ ಎಂಬ ಕಾರ್ಡನ್ನು ಆನೆಗೆ ಅಂಟಿಸುವುದಿಲ್ಲ, ಆನೆಗೆ ಅಂಟಿದ ಚೀಟಿಗೇ ಅಂಟಿಸುತ್ತಾರೆ. ಶಾಂತ ಹೀಗೆ ನಳಿನಿಯ ಚೀಟಿಯನ್ನು ಹಿಡಿದುಕೊಂಡರೆ ಆನೆಯೂ ಶಾಂತಳ ಹಿಂದೆ ಹೋಗುತ್ತದೆ, ಏಕೆಂದರೆ ಚೀಟಿಯಲ್ಲಿ ಬರೆದಿರುವ ‘ನೀನು’ ಈಗ ಶಾಂತ. ಕಾಲದ ಕ್ರಮದಲ್ಲಿ ನಳಿನಿಯ ಚೀಟಿ ಮೊದಲು ಬಂದದ್ದು. ಆದರೂ ಶಾಂತಳದನ್ನೇ ಮೊದಲು ಓದಬೇಕು, ಒಂದರ ಅರ್ಥ ಇನ್ನೊಂದನ್ನು ಅವಲಂಬಿಸಿದ್ದರೆ ಅವಲಂಬಿಸಿದ್ದನ್ನು ಆಮೇಲೆ ಓದಬೇಕು ಎನ್ನುತ್ತದೆ ನಿಯಮ. ಬೀರು ಯಾರದೆಂದು ಕೇಳುವ ಮೊದಲು ಕೀಲಿ ಯಾರ ಸೊಂಟದಲ್ಲಿದೆ ಎಂದು ನೋಡುವ ಈ ವಿವೇಕ ನನಗೆ ಬಹಳ ಹಿಡಿಸಿತು.

ಹಿಡಿಸದ್ದೂ ಇದೆ. ಹಿಡಿತ ಬದಲಾಗುವುದಕ್ಕೆ ಇಂಥ ಹಲವು ಕಾರ್ಡುಗಳು ಇಂಗ್ಲಿಷಿನಲ್ಲಿ ಬಳಸುವ ಪದ ‘ಗೇನ್’. ಪಡೆಯುವುದು, ಲಾಭ. ಆದರೆ ಎಲ್ಲ ಪಡೆಯುವುದೂ ಲಾಭವೇ? ೧೯೯೯ರಲ್ಲಿ ‘ಡೊನೇಟ್’ ಎಂಬ ಕಾರ್ಡು ಬಂತು. ನನ್ನ ಹಿಡಿತದಲ್ಲಿರುವ ವಸ್ತುವನ್ನು ಅದರಿಂದ ಇನ್ನೊಬ್ಬರಿಗೆ ದಾಟಿಸಬಹುದು. ಜಾಣರು ಇದನ್ನು ೧೯೯೫ರ ‘ಇಲ್ಯೂಷನ್ಸ್ ಆಫ್ ಗ್ರಾಂಜರ್’ ಎಂಬ ಕಾರ್ಡಿನೊಡನೆ ಜೋಡಿಸಿದರು. ಆ ಕಾರ್ಡು ಮೇಜಿಗಿಳಿದಾಗ ಇಳಿಸಿದವರಿಗೆ ೨೦ ಪ್ರಾಣದ ಅಂಕ ಕೊಡುತ್ತದೆ, ಮೇಜು ಬಿಟ್ಟು ಹೋಗುವಾಗ ಹಿಡಿದಿದ್ದವರಿಂದ ೨೦ ಕಿತ್ತುಕೊಳ್ಳುತ್ತದೆ. ಆಟ ಶುರುವಾಗುವುದೇ ೨೦ ಅಂಕಗಳಿಂದ. ಅದನ್ನು ಉಳಿಸಿಕೊಳ್ಳುವ ಖರ್ಚು ಸರದಿಯಿಂದ ಸರದಿಗೆ ಏರುತ್ತಾ ಹೋಗುತ್ತದೆ. ಕೊಡುವ ಅಂಕ ತಾವು ತೆಗೆದುಕೊಂಡು, ಕಾರ್ಡನ್ನು ಎದುರಾಳಿಗೆ ದಾನ ಮಾಡಿ ಕೂತರೆ ಸಾಕು. ಆತ ಖರ್ಚು ತೂಗಿಸಲಾರದೆ ಕಾರ್ಡನ್ನು ಬಿಟ್ಟ ದಿನ ಅವನ ಕಥೆ ಮುಗಿಯಿತು. ಸಾಲದ ಮನೆಯನ್ನು ಹೆಂಡತಿಯ ಹೆಸರಿಗೆ ಬರೆದುಕೊಟ್ಟಂತೆ. ಇದಕ್ಕೂ ನಿಯಮದ ಭಾಷೆಯಲ್ಲಿ ‘ಗೇನ್’ ಎಂದೇ ಹೆಸರು. ನಿಖರತೆಗೆ ಪ್ರಾಣ ಬಿಡುವ ಬರಹ ಇಲ್ಲಿ ವರವನ್ನೂ ಹೊರೆಯನ್ನೂ ಒಂದೇ ಪದದಲ್ಲಿ ಮುಚ್ಚಿತು.

ಅಂಥದರ ನಡುವೆ ಒಂದು ಕರುಣೆಯ ನಿಯಮವೂ ಇದೆ. ಹೊಸದಾಗಿ ಒಬ್ಬರ ಕೈಗೆ ಬಂದ ಜೀವಿ ತಕ್ಷಣ ದಾಳಿಗೆ ಹೊರಡುವಂತಿಲ್ಲ. ಹಿಡಿದವರ ಮುಂದಿನ ಸರದಿ ಶುರುವಾಗುವವರೆಗೆ ಅದು ಸುಧಾರಿಸಿಕೊಳ್ಳಬೇಕು. ಕೈ ಬದಲಾದಾಗಲೆಲ್ಲ ಈ ಲೆಕ್ಕ ಮೊದಲಿನಿಂದ. ತವರಿಗೆ ಮರಳಿದ ಆನೆಗೂ ಇದು ತಪ್ಪದು. ‘ಆಕ್ಟ್ ಆಫ್ ಟ್ರೀಸನ್’ನಂಥ ಎರವಲು ಕಾರ್ಡುಗಳು ಮಾತ್ರ ಈ ವಿರಾಮವನ್ನು ಕಿತ್ತುಹಾಕಿ ಬಂದ ಗಳಿಗೆಯೇ ದುಡಿಸುತ್ತವೆ. ಒಂದು ದಿನಕ್ಕೆ ತಂದವರು ಹಾಗೆಯೇ ಅಲ್ಲವೇ, ದಣಿವು ಕೇಳುವುದಿಲ್ಲ.

ವಸ್ತುವಿನ ಮೇಲಿನ ಹಿಡಿತ ಸಾಲದೆಂಬಂತೆ ೨೦೦೩ರಲ್ಲಿ ‘ಮೈಂಡ್‌ಸ್ಲೇವರ್’ ಬಂತು. ಅದು ಹಿಡಿಯುವುದು ಕಾರ್ಡನ್ನಲ್ಲ, ಎದುರಾಳಿಯನ್ನೇ. ಆಕೆಯ ಮುಂದಿನ ಒಂದು ಸರದಿಯನ್ನು ಪೂರ್ತಿ ನಾನೇ ಆಡಬಹುದು. ಆಕೆಯ ಕೈಯ ಕಾರ್ಡುಗಳನ್ನು ನೋಡಬಹುದು, ಆಕೆಯದೇ ವಸ್ತುಗಳಿಂದ ಆಕೆಯ ಮನೆ ಹಾಳುಮಾಡಬಹುದು. ಓದುವಾಗಲೇ ಮೈ ಜುಮ್ಮೆನ್ನುತ್ತದೆ. ಆದರೆ ನಿಯಮ ಬರೆದವರು ಇಲ್ಲಿ ಒಂದು ಗೆರೆ ಎಳೆದಿದ್ದಾರೆ. ಸೋಲೊಪ್ಪಿ ಆಟ ಬಿಡಬೇಕೆ ಎಂಬುದನ್ನು ಹಿಡಿದವರು ತೀರ್ಮಾನಿಸುವಂತಿಲ್ಲ, ಅದು ಹಿಡಿಸಿಕೊಂಡವಳದು. ಬಚ್ಚಲಿಗೆ ಎದ್ದು ಹೋಗಬೇಕೆ, ತನ್ನ ಕಾರ್ಡನ್ನು ಯಾರೊಡನೆಯಾದರೂ ವಿನಿಮಯ ಮಾಡಿಕೊಳ್ಳಬೇಕೆ, ತಪ್ಪು ಕಂಡರೆ ತೀರ್ಪುಗಾರರನ್ನು ಕರೆಯಬೇಕೆ ಎಂಬುದೂ ಅವಳದೇ. ಇಷ್ಟನ್ನೂ ಒಂದೊಂದಾಗಿ ಹೆಸರಿಸಿ ಬರೆದಿದ್ದಾರೆ! ಯಾರ ಹಿಡಿತ ಎಷ್ಟೇ ಬಿಗಿಯಾಗಿರಲಿ, ಎದ್ದು ಹೋಗುವ ಹಕ್ಕು ಮತ್ತು ದೂರು ಕೊಡುವ ಹಕ್ಕು ಅದರ ಹೊರಗೆ. ಇನ್ನೂರೈವತ್ತು ಪುಟಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇದು.

ನನ್ನ ದೊಡ್ಡ ತಕರಾರನ್ನು ಕಡೆಗೆ ಉಳಿಸಿಕೊಂಡಿದ್ದೇನೆ. ನಾಲ್ಕಾರು ಮಂದಿ ಸೇರಿ ಆಡುವಾಗ ಒಬ್ಬರು ಸೋತು ಏಳುತ್ತಾರೆ. ಆಗ ಅವರ ಒಡೆತನದ ಕಾರ್ಡುಗಳೆಲ್ಲ ಅವರೊಡನೆ ಹೊರಡುತ್ತವೆ, ಯಾರ ಹಿಡಿತದಲ್ಲಿದ್ದರೂ ಸರಿಯೆ. ಅವರಿಗೆ ಹಿಡಿತ ಕೊಟ್ಟಿದ್ದ ಪರಿಣಾಮಗಳು ಮುಗಿಯುತ್ತವೆ. ನಳಿನಿ ಎದ್ದು ಹೋದರೆ ಅವಳ ಚೀಟಿಯೂ ಹೋಗಿ, ಆನೆ ಗಿರಿಜಳಿಗೆ. ಸರಿಯಾದದ್ದೇ. ಆದರೆ ೧೯೯೯ರ ‘ಬ್ರೈಬರಿ’ಯ ಮೂಲಕ ಬಂದ ಜೀವಿಯ ಪಾಡು ಬೇರೆ. ಆ ಕಾರ್ಡಿನಿಂದ ನಳಿನಿ ಗಿರಿಜಳ ಕಟ್ಟಿನೊಳಗೆ ಹುಡುಕಿ, ಇನ್ನೂ ಹೊರಬರದ ಜೀವಿಯೊಂದನ್ನು ತೆಗೆದು ನೇರ ತನ್ನ ಹಿಡಿತದಲ್ಲೇ ಮೇಜಿಗಿಳಿಸುತ್ತಾಳೆ. ಅದರ ಬೆನ್ನ ಮೇಲೆ ಯಾವ ಚೀಟಿಯೂ ಇಲ್ಲ. ನಳಿನಿ ಎದ್ದುಹೋದಾಗ ಮುಗಿಯಬೇಕಾದ ಪರಿಣಾಮವೂ ಇಲ್ಲ. ಹಾಗಾಗಿ ಅದು ಗಿರಿಜಳಿಗೆ ಸೇರುವುದಿಲ್ಲ. ಅದನ್ನು ಗಡೀಪಾರು ಮಾಡುತ್ತಾರೆ.

ಇದಕ್ಕೆ ಸಮರ್ಥನೆ ಇಲ್ಲದಿಲ್ಲ. ಗಿರಿಜ ಆ ಜೀವಿಯನ್ನು ತನ್ನ ಖರ್ಚಿನಲ್ಲಿ ಮೇಜಿಗಿಳಿಸಿರಲಿಲ್ಲ, ಈಗ ಪುಕ್ಕಟೆ ಏಕೆ ಕೊಡಬೇಕು ಎನ್ನಬಹುದು. ನನ್ನ ಮಗಳೂ ಹಾಗೆಯೇ ವಾದಿಸುತ್ತಾಳೆ. ಆಟದ ತೂಕದ ದೃಷ್ಟಿಯಿಂದ ಆ ಮಾತು ಒಪ್ಪತಕ್ಕದ್ದೇ. ಆದರೆ ಮೇಜಿಗಿಳಿಸುವುದು ಬೇಡ, ಗಿರಿಜಳ ಕೈಗಾದರೂ ಮರಳಿಸಬಹುದಲ್ಲ? ಬೇಕಾದರೆ ಖರ್ಚು ಮಾಡಿ ಇಳಿಸಿಕೊಳ್ಳುತ್ತಾಳೆ. ಒಡೆತನ ಅಲುಗದು ಎಂದು ಮೊದಲ ಪುಟಗಳಿಂದ ಹೇಳುತ್ತಾ ಬಂದ ಬರಹ, ತನ್ನ ಮನೆಯ ಬೆಳಕನ್ನೇ ಕಾಣದೆ ಬೇರೆಯವರ ಕೈ ಸೇರಿದ ಜೀವಿಯ ವಿಷಯಕ್ಕೆ ಬಂದಾಗ ಆ ಮಾತನ್ನು ಮರೆಯುತ್ತದೆ. ಕದ್ದವಳು ಹೋದಳು, ಒಡತಿ ಎದುರಿಗೇ ಕೂತಿದ್ದಾಳೆ, ಆದರೂ ವಸ್ತು ಊರಾಚೆಗೆ.

ಮಗಳಿಗೆ ನಾನು ಹೇಳಿದ್ದು ಇಷ್ಟೇ: ಎಲ್ಲ ಸೇರಿಸಿ ನೋಡಿದರೆ ಇದು ನಾನು ಓದಿದ ನ್ಯಾಯವಾದ ಬರಹಗಳಲ್ಲಿ ಒಂದು. ಆ ಒಂದು ಸಾಲನ್ನು ಮಾತ್ರ ಅವರು ಇನ್ನೊಮ್ಮೆ ಕೂತು ತಿದ್ದಬೇಕು.